ತಾತನ ಲೆಡ್ಜರ್: ಕ್ಯಾಚರನ ಮಂಡಿ

ಮಕ್ಕಳೇ, ಅಮೆರಿಕದಲ್ಲಿರುವ ನನ್ನ ಮೊಮ್ಮಗ ಫ್ಯಾಂಟಸಿ ಬೇಸ್‌ಬಾಲ್ ಆಡುತ್ತಾನೆ. ಬ್ಯಾಟು ಮುಟ್ಟುವುದಿಲ್ಲ! ಗೆಳೆಯರೆಲ್ಲ ಸೇರಿ ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತಾರೆ. ಅವರು ಪಂದ್ಯದಲ್ಲಿ ಗಳಿಸಿದ್ದು ಇವರ ಖಾತೆಗೆ ಜಮಾ. 1980ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರ ಹೆಸರಿಟ್ಟುಕೊಂಡು ಗೆಳೆಯರ ಗುಂಪೊಂದು ಆಡಿದ ‘ರೊಟಿಸರಿ’ ಆಟದ ಸಂತಾನ ಇದು.

ಮೊನ್ನೆ ಅವನ ಫೋನು. “ತಾತಾ, ಬೇಗ ಹೇಳು. 35 ಹೋಮ್‌ರನ್ ಹೊಡೆಯೋ ಔಟ್‌ಫೀಲ್ಡರೋ, 25 ಹೊಡೆಯೋ ಕ್ಯಾಚರೋ?”

ಬೇಸ್‌ಬಾಲ್ ನನಗೆ ತಿಳಿಯದು, ಕಳೆಯುವ ಲೆಕ್ಕ ತಿಳಿಯುತ್ತದೆ. “ಕೊನೆಗೆ ಉಳಿಯೋರು ಎಷ್ಟು ಹೊಡೀತಾರೋ?”

“ಔಟ್‌ಫೀಲ್ಡರ್ 25, ಕ್ಯಾಚರ್ 10.”

“ಅಲ್ಲಿ ಲಾಭ 10, ಇಲ್ಲಿ 15. ಕ್ಯಾಚರನ್ನೇ ಹಿಡಿ.”

“ಅವನು ಇಡೀ ಆಟ ಕುಕ್ಕರಗಾಲಲ್ಲಿ ಕೂರಬೇಕು ತಾತಾ. ಮಂಡಿ ಕೈಕೊಟ್ಟರೆ?”

ಮಂಡಿ ಲೆಡ್ಜರಿನಲ್ಲಿ ಇರಲೇ ಇಲ್ಲ. ಆದರೂ ಕ್ಯಾಚರನ್ನೇ ತೆಗೆದುಕೊಂಡಿದ್ದಾನೆ. ಈಗ ದಿನಾ ಬೆಳಿಗ್ಗೆ ನನ್ನ ಮಂಡಿಗೆ ಎಣ್ಣೆ ತಿಕ್ಕುವಾಗ ಅವನದೂ ನೆನಪಾಗುತ್ತದೆ.