ಜಗಲಿಗೆ ಬಂದವರೆಲ್ಲ ಅಡುಗೆಮನೆಗೆ ಬರಬೇಕಾ?

ಕಳೆದ ಆಷಾಢದಲ್ಲಿ ಒಂದು ದಿನ ಬೆಳಗ್ಗೆ ಎಂಟಕ್ಕೇ ಮಾವನ ಫೋನ್. "ಬಿಲ್ಲಿಂಗ್ ಕಂಪ್ಯೂಟರಲ್ಲಿ ಏನೂ ತೆಗೀತಿಲ್ಲ ಕಣೋ, ಇಂಗ್ಲಿಷಲ್ಲಿ ಏನೋ ದುಡ್ಡು ಕೇಳ್ತಿದೆ" ಅಂದ್ರು. ಕೂತಲ್ಲೇ ನನ್ನ ಕೈಕಾಲು ತಣ್ಣಗಾಯ್ತು. ಯಾಕಂದ್ರೆ ಅಂಗಡಿಯ ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸಿ ಕೊಟ್ಟಿದ್ದು ನಾನೇ.

ಮಾವನದು ತಾಲ್ಲೂಕು ಕೇಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ. ಇಂಜಿನಿಯರಿಂಗ್ ಮುಗಿಸಿದ ಹುರುಪಿನಲ್ಲಿ ಅವರ ಕೆಂಪು ರಟ್ಟಿನ ಉದ್ರಿ ಪುಸ್ತಕವನ್ನು ಮೂಲೆಗೆ ಹಾಕಿಸಿ, ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದೆ. ಬಿಲ್ಲಿಂಗ್, ಗೋಡೌನ್, ಸಿಸಿಟಿವಿ, ಹುಡುಗರ ಮೊಬೈಲು, ಎಲ್ಲಕ್ಕೂ ಒಂದೇ ರೂಟರ್. ಅನುಕೂಲ ಆಗ್ಲಿ ಅಂತ ಪಾಸ್‌ವರ್ಡ್ ಇಲ್ಲದ ಶೇರ್ಡ್ ಫೋಲ್ಡರ್ ಬೇರೆ.

ಗೋಡೌನ್ ಹುಡುಗ ಹಿಂದಿನ ರಾತ್ರಿ ಪುಕ್ಕಟೆ ಸಿನಿಮಾ ಇಳಿಸಿಕೊಳ್ಳೋಕೆ ಹೋಗಿ ಯಾವುದೋ ಫೈಲ್ ಒತ್ತಿದ್ದ. ಅದರೊಳಗಿದ್ದ ರಾನ್ಸಮ್‌ವೇರ್ ಗೋಡೌನಿನಲ್ಲೇ ನಿಲ್ಲಲಿಲ್ಲ. ಶೇರ್ಡ್ ಫೋಲ್ಡರ್ ಹಿಡಿದು ಬಿಲ್ಲಿಂಗ್‌ಗೆ ಬಂತು, ಅಲ್ಲೇ ಸದಾ ಸಿಕ್ಕಿಸಿಟ್ಟು ಶೇರ್ ಮಾಡಿದ್ದ ಬ್ಯಾಕಪ್ ಡಿಸ್ಕಿಗೂ ಬೀಗ ಹಾಕಿತು. ಆರು ವರ್ಷದ ಲೆಕ್ಕ ಹೋಯ್ತು. ಎಲ್ಲರೂ ಹುಡುಗನನ್ನೇ ಬೈದರು, ಮಾವ ಕೆಲಸದಿಂದ ತೆಗೆಯೋಕೂ ಹೊರಟಿದ್ದರು. ನಿಜ ಹೇಳ್ಬೇಕಂದ್ರೆ ತಪ್ಪು ನನ್ನದು.

ನಮ್ಮ ಹಳೇ ಮನೆಗಳನ್ನು ನೆನಪಿಸಿಕೊಳ್ಳಿ. ಬಳೆ ಮಾರುವವರು ಜಗಲಿವರೆಗೆ, ನೆಂಟರು ನಡುಮನೆವರೆಗೆ, ದೇವರ ಮನೆಗೆ ಮನೆಯವರು ಮಾತ್ರ. ಯಾರ ಮೇಲೂ ಅನುಮಾನ ಅಂತಲ್ಲ, ಯಾರಿಗೆ ಎಲ್ಲಿವರೆಗೆ ಕೆಲಸವೋ ಅಲ್ಲಿವರೆಗೆ ದಾರಿ. ಕಂಪ್ಯೂಟರ್ ಜಾಲವನ್ನು ಹೀಗೆ ಕೋಣೆ ಕೋಣೆ ಮಾಡೋದಕ್ಕೇ ನೆಟ್‌ವರ್ಕ್ ಸೆಗ್ಮೆಂಟೇಶನ್ ಅಂತಾರೆ. ನಾನು ಕಟ್ಟಿಕೊಟ್ಟಿದ್ದು ಬರೀ ಒಂದು ದೊಡ್ಡ ಹಾಲ್.

ದೊಡ್ಡವರೂ ಇದೇ ತಪ್ಪು ಮಾಡಿದ್ದಾರೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನೋ ಮಾಲ್‌ವೇರ್ ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ ಹರಡಿತು. ಡೆನ್ಮಾರ್ಕಿನ ಹಡಗು ಕಂಪನಿ ಮರ್ಸ್ಕ್‌ನ ಒಳಹೊಕ್ಕ ಮೇಲೆ ಒಂದು ದೇಶದ ಕಚೇರಿಯಲ್ಲಿ ನಿಲ್ಲದೆ ಪ್ರಪಂಚವೆಲ್ಲ ಸುತ್ತಿತು. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅವರ ಟರ್ಮಿನಲ್ ಕೂಡ ಸ್ಥಗಿತವಾಯ್ತು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಸಜ್ಜುಮಾಡಬೇಕಾಯ್ತು. ನಷ್ಟ 25ರಿಂದ 30 ಕೋಟಿ ಡಾಲರ್. ಯಾರು ಯಾವ ಕಂಪ್ಯೂಟರ್ ಬಳಸಬಹುದು ಅನ್ನೋ ಮೂಲ ದಾಖಲೆಯ ಸರ್ವರ್‌ಗಳಲ್ಲಿ ಉಳಿದದ್ದು ಘಾನಾದ ಒಂದೇ ಒಂದು. ಯಾಕೆ ಗೊತ್ತಾ? ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಬೇರೆಯಾಗಿತ್ತು! ನಾವು ಎಬ್ಬಿಸಬೇಕಾದ ಗೋಡೆಯನ್ನು ಅಲ್ಲಿ ಕರೆಂಟ್ ಕಟ್ ಎಬ್ಬಿಸಿತ್ತು.

ಸರಿ, ಶುರು ಎಲ್ಲಿಂದ? ಮೊದಲು ಬೇಕಿರೋದು ದುಬಾರಿ ಪೆಟ್ಟಿಗೆಯಲ್ಲ, ಒಂದು ಹಾಳೆ ಮತ್ತು ಪೆನ್ನು. ಅಂಗಡಿಯಲ್ಲಿ ಏನೇನು ಜಾಲಕ್ಕೆ ಸೇರಿದೆ, ಯಾವುದಕ್ಕೆ ಯಾವುದರ ಜೊತೆ ಮಾತು ಬೇಕು ಅಂತ ಬರೆಯಿರಿ. ಬರೆದಾಗ ನಮಗೇ ನಗು ಬಂತು. ಸಿಸಿಟಿವಿಗೂ ಬಿಲ್ಲಿಂಗ್‌ಗೂ ಏನು ಸಂಬಂಧ ಹೇಳಿ?

ಆಮೇಲೆ ಗುಂಪು ಮಾಡಿ. ನಾವು ನಾಲ್ಕು ಮಾಡಿದೆವು: ಬಿಲ್ಲಿಂಗ್, ಗೋಡೌನ್, ಸಿಸಿಟಿವಿ, ಮೊಬೈಲುಗಳು. ಮೊಬೈಲಿಗೆ ರೂಟರ್‌ನ ಗೆಸ್ಟ್ ವೈಫೈ ಸಾಕು. ಉಳಿದದ್ದಕ್ಕೆ ವಿಎಲ್ಯಾನ್ ಸೌಲಭ್ಯ ಇರುವ ಸ್ವಿಚ್, ರೂಟರ್ ಬೇಕು. ತಂತಿ ಬೇರೆ ಎಳೆಯದೆಯೇ ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಜಾಲ ಮಾಡಬಹುದು. ಆದರೆ ಗುಂಪು ಮಾಡಿದ ಮಾತ್ರಕ್ಕೆ ಮುಗೀಲಿಲ್ಲ. ನಡುವಿನ ಬಾಗಿಲುಗಳನ್ನೆಲ್ಲ ಮೊದಲು ಮುಚ್ಚಿ, ಬೇಕಾದ್ದನ್ನಷ್ಟೇ ತೆರೀಬೇಕು. ಗೋಡೌನಿಗೆ ಸ್ಟಾಕ್ ಪಟ್ಟಿ ಸಾಕು, ಹಾಗಾಗಿ ಅಷ್ಟಕ್ಕೇ ಒಂದು ಕಿಂಡಿ. ಕೊನೆಗೆ ಗೆಸ್ಟ್ ವೈಫೈನಿಂದ ಬಿಲ್ಲಿಂಗ್ ಕಂಪ್ಯೂಟರ್ ಮುಟ್ಟೋಕೆ ನೀವೇ ಪ್ರಯತ್ನಿಸಿ ನೋಡಿ. ಸಿಕ್ಕಿದರೆ ಗೋಡೆ ಬರೀ ಕಾಗದದ್ದು.

ಗೋಡೆ ಕಟ್ಟಿದರೆ ಕಳ್ಳ ಬರೋದೇ ಇಲ್ಲ ಅಂತಲ್ಲ. ಬಂದವನು ಜಗಲಿಯಲ್ಲೇ ಸಿಕ್ಕಿಬೀಳ್ತಾನೆ ಅಷ್ಟೆ. ಅದಕ್ಕೇ ಅಪ್‌ಡೇಟ್ ಮಾಡ್ತಿರಿ, ಬ್ಯಾಕಪ್ ತೆಗೆದ ಮೇಲೆ ಡಿಸ್ಕ್ ಬಿಚ್ಚಿ ಮನೆಗೆ ಒಯ್ಯಿರಿ.

ಮಾವ ದುಡ್ಡು ಕೊಡಲಿಲ್ಲ. ಕೆಲವು ರೈತರು ತಾವಾಗೇ ಬಂದು "ನನ್ನದಿಷ್ಟು ಬಾಕಿ ಇತ್ತು" ಅಂತ ಬರೆಸಿದರು, ಕೆಲವರು ಈ ಕಡೆ ತಲೆ ಹಾಕಲಿಲ್ಲ. ಕೆಂಪು ರಟ್ಟಿನ ಪುಸ್ತಕ ಮತ್ತೆ ಗಲ್ಲಾಪೆಟ್ಟಿಗೆ ಪಕ್ಕ ಬಂದಿದೆ, ತೆಗೀರಿ ಅನ್ನೋ ಧೈರ್ಯ ನನಗಿಲ್ಲ. ಹುಡುಗ ಈಗಲೂ ಅಲ್ಲೇ ಇದ್ದಾನೆ. ರಾತ್ರಿ ಸಿನಿಮಾನೂ ನೋಡ್ತಾನೆ. ತನ್ನ ಮೊಬೈಲಲ್ಲಿ, ಗೆಸ್ಟ್ ವೈಫೈ ಹಾಕಿಕೊಂಡು.