ಮೆಗಾಪಿಕ್ಸೆಲ್ ಲೆಕ್ಕ, ಕತ್ತಲ ಗುಡಿಯ ಸತ್ಯ

200 ಮೆಗಾಪಿಕ್ಸೆಲ್ ಫೋನು ಬಂದ ಮೇಲೆ ಕ್ಯಾಮೆರಾಕ್ಕೆ ಕೆಲಸವಿಲ್ಲ, ಹಳ್ಳಿಯ ಫೋಟೊಗ್ರಾಫರ್‌ಗಳೂ ಅದನ್ನೇ ಕೊಳ್ಳಲಿ ಎಂಬ ಲೇಖನ ಓದಿದೆ. ಲೇಖಕರು ಸಂಖ್ಯೆ ನೋಡಿದ್ದಾರೆ, ಸೆನ್ಸರ್ ನೋಡಿಲ್ಲ.

2023ರ ಗ್ಯಾಲಕ್ಸಿ ಎಸ್23 ಅಲ್ಟ್ರಾವನ್ನೇ ತೆಗೆದುಕೊಳ್ಳಿ. ಅದರ ಒಂದೊಂದು ಪಿಕ್ಸೆಲ್ 0.6 ಮೈಕ್ರಾನ್. ಇಷ್ಟು ಸಣ್ಣದಕ್ಕೆ ಬೀಳುವ ಬೆಳಕು ಅತ್ಯಲ್ಪ. ಅದಕ್ಕೇ ಫೋನು 16 ಪಿಕ್ಸೆಲ್‌ಗಳನ್ನು ಒಂದಾಗಿಸಿ, ಸಾಮಾನ್ಯವಾಗಿ ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36×24 ಮಿ.ಮೀ.; ವಿಸ್ತೀರ್ಣದಲ್ಲಿ ಈ ಫೋನಿನದಕ್ಕಿಂತ ಸುಮಾರು 12 ಪಟ್ಟು. ಮಟಮಟ ಮಧ್ಯಾಹ್ನ ಈ ಅಂತರ ಕಾಣದಿರಬಹುದು, ಒಪ್ಪುತ್ತೇನೆ. ಆದರೆ ಯುಗಾದಿ ಹೊತ್ತಿಗೆ ಸಿರಸಂಗಿಯ ಕಾಳಿಕಾದೇವಿ ಜಾತ್ರೆಗೆ ಬನ್ನಿ. ಸಂಜೆಗತ್ತಲಲ್ಲಿ ಓಡಾಡುವ ಜನರನ್ನು 200ರ ಮೋಡ್‌ನಲ್ಲಿ ತೆಗೆದು, ಹಿಗ್ಗಿಸಿ ನೋಡಿ. ಮುಖಗಳ ಬದಲು ಕಲೆಗಳು ಕಂಡಾವು.

ನೈಟ್ ಮೋಡ್ ಇದೆಯಲ್ಲ ಎನ್ನುತ್ತಾರೆ. ಅದು ಹಲವು ಚಿತ್ರಗಳನ್ನು ಜೋಡಿಸುವ ಉಪಾಯ. ನಿಂತ ಕಂಬಕ್ಕೆ ಸೈ, ಕುಣಿಯುವ ಡೊಳ್ಳಿನವರಿಗಲ್ಲ.

ಓದುಗರಿಗೆ ಹೇಳಬೇಕಾದದ್ದು ಬೇರೆ: ಲೆನ್ಸ್ ಒರೆಸಿ, ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ, ಮುಖದ ಮೇಲೆ ಒತ್ತಿ ಫೋಕಸ್ ಮಾಡಿ, ದೀಪದ ಬೆಳಕು ಹೆಚ್ಚಾದರೆ ಎಕ್ಸ್‌ಪೋಷರ್ ಇಳಿಸಿ. ಇದಕ್ಕೆ ಒಂದು ರೂಪಾಯಿಯೂ ಬೇಡ. ಮದುವೆ, ಜಾತ್ರೆ ತೆಗೆದು ಹೊಟ್ಟೆ ಹೊರೆಯುವವರು ಆ ಫೋನಿನ ದುಡ್ಡಿಗೆ ಹಳೆಯ ಕ್ಯಾಮೆರಾ, ಒಳ್ಳೆಯ ಲೆನ್ಸ್ ಕೊಳ್ಳಲಿ.

ಸಂಖ್ಯೆ ತೋರಿಸಿ ಮಾರುವುದು ಅಂಗಡಿಯವರ ಕಸುಬು. ಲೇಖಕರೂ ಅದಕ್ಕಿಳಿದರೆ ಓದುಗ ಯಾರನ್ನು ಕೇಳಬೇಕು?