ಸಿಹಿ ತಿಂದವರು

ಸರಣಿ ಕೊಲೆಗಾರ ಚಾರ್ಲ್ಸ್ ಶೋಭರಾಜ್ ಹುಟ್ಟಿದ್ದು 1944ರ ಏಪ್ರಿಲ್ 6ರಂದು. ತಿಹಾರ್ ಜೈಲಿನಲ್ಲಿ ಹುಟ್ಟುಹಬ್ಬವೆಂದು ಅವನು ಸಿಹಿ ಹಂಚಿದ್ದು 1986ರ ಮಾರ್ಚ್ 16ರ ಭಾನುವಾರ. ಕೈದಿಯ ಜನ್ಮದಿನಾಂಕ ಜೈಲಿನ ಕಡತದಲ್ಲಿ ಇರದೆ ಇನ್ನೆಲ್ಲಿರುತ್ತದೆ? ಯಾರೂ ತೆಗೆದು ನೋಡಲಿಲ್ಲ. ನಿದ್ದೆಮದ್ದು ಬೆರೆತ ಸಿಹಿ ತಿಂದು ಕಾವಲಿನವರು ಉರುಳಿಬಿದ್ದರು. ಆಸಾಮಿ ಸಂಗಡಿಗರ ಜೊತೆ ಹೊರನಡೆದ.

ಮುಂದಿನದು ಮುಂಬಯಿಯ ಹೆಮ್ಮೆಯ ಕಥೆ. 1971ರಲ್ಲಿ ಇದೇ ಊರಲ್ಲಿ ಅವನನ್ನು ಒಮ್ಮೆ ಹಿಡಿದಿದ್ದ ಪೊಲೀಸ್ ಅಧಿಕಾರಿ ಮಧುಕರ ಝೇಂಡೆ ಗೋವಾಕ್ಕೆ ಹೋಗಿ, ಪೊರ್ವೊರಿಮ್‌ನ ‘ಓ ಕೊಕೇರೊ’ ಹೋಟೆಲಿನಲ್ಲಿ ಕಾದು ಕೂತು, ಏಪ್ರಿಲ್ 6ರಂದು, ಅಂದರೆ ಅಸಲಿ ಹುಟ್ಟುಹಬ್ಬದ ದಿನವೇ, ಮತ್ತೆ ಹಿಡಿದರು. 2025ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಇನ್‌ಸ್ಪೆಕ್ಟರ್ ಝೇಂಡೆ’ಯಲ್ಲಿ ಮನೋಜ್ ಬಾಜಪೇಯಿ ಆ ಬೇಟೆಯನ್ನು ಸೊಗಸಾಗಿ ಆಡಿ ತೋರಿಸಿದ್ದಾರೆ. ಕೈದಿಗೆ ಅದರಲ್ಲಿ ಕಾರ್ಲ್ ಭೋಜರಾಜ್ ಎಂಬ ಹೆಸರು. ನಗಲಿಕ್ಕೆ ಅಡ್ಡಿಯಿಲ್ಲ. ಆದರೆ ಬೇಟೆಯ ಅವಸರದಲ್ಲಿ ಜೈಲಿನ ಒಳಗಿನ ಸಂಗತಿ ಹಿಂದೆ ಉಳಿದುಬಿಡುತ್ತದೆ.

ಆ ಸಂಗತಿ ಬೇಕಿದ್ದರೆ ಸುನಿಲ್ ಗುಪ್ತಾ ಅವರನ್ನು ಕೇಳಬೇಕು. 1981ರಲ್ಲಿ ತಿಹಾರ್‌ನ ಜೈಲರ್ ಕೆಲಸಕ್ಕೆ ಹಾಜರಾಗಲು ಹೋದಾಗ, ಖಾಲಿ ಹುದ್ದೆಯಿಲ್ಲವೆಂದು ಅವರನ್ನು ಸಾಗಹಾಕಿದರಂತೆ. ಪೆಚ್ಚುಮೋರೆ ಹಾಕಿಕೊಂಡು ನಿಂತವರನ್ನು ಠಾಕುಠೀಕಾದ ಒಬ್ಬ ವಿಚಾರಿಸಿದ, ಒಳಗೆ ಹೋದ, ನೇಮಕದ ಕಾಗದ ತಂದು ಕೈಗಿಟ್ಟ. ದೊಡ್ಡ ಅಧಿಕಾರಿಯೇ ಇರಬೇಕೆಂದುಕೊಂಡರು ಗುಪ್ತಾ. ಆತ ಶೋಭರಾಜ್! ಇದನ್ನು ಅವರೇ ‘ಬ್ಲ್ಯಾಕ್ ವಾರಂಟ್’ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಅದೇ ಹೆಸರಿನ ಸರಣಿಯನ್ನು ವಿಕ್ರಮಾದಿತ್ಯ ಮೋಟ್ವಾನೆ ತಂದರು. ಕೈದಿಯ ಶಿಫಾರಸಿನ ಮೇಲೆ ಜೈಲರ್ ನೇಮಕವಾಗುವ ಜಾಗದಲ್ಲಿ ಬೀಗ ಒಡೆಯುವ ಶ್ರಮವಾದರೂ ಯಾಕೆ? ಓಡಿಹೋಗುವ ಐದು ವರ್ಷ ಮೊದಲೇ ಬಾಗಿಲು ಅರ್ಧ ತೆರೆದಿತ್ತು.

ಒಳಗಿನವರೇ ಜಾರುವುದು ತಿಹಾರ್‌ನಲ್ಲಿ ಮಾತ್ರವಲ್ಲ. ನ್ಯೂಯಾರ್ಕ್ ರಾಜ್ಯದ ಡ್ಯಾನೆಮೋರಾ ಜೈಲಿನಿಂದ 2015ರಲ್ಲಿ ಇಬ್ಬರು ಕೊಲೆಗಾರರು ತಪ್ಪಿಸಿಕೊಂಡರಲ್ಲ, ಅದರಲ್ಲಿ ನೆರವಾದವಳು ಜೈಲಿನ ಹೊಲಿಗೆ ವಿಭಾಗದ ಮೇಲ್ವಿಚಾರಕಿ. ಮಂಜುಗಟ್ಟಿದ ಮಾಂಸದ ಮುದ್ದೆಯೊಳಗೆ ಗರಗಸದ ಅಲಗು ಹುದುಗಿಸಿ ಒಳಗೆ ಕಳಿಸಿದಳು. ಕಾರು ತರುತ್ತೇನೆಂದು ಮಾತು ಕೊಟ್ಟವಳು ಆ ರಾತ್ರಿ ಹೆದರಿ ಆಸ್ಪತ್ರೆ ಸೇರಿದಳು. ಇದೇ ಘಟನೆಯ ಮೇಲಿನ 2018ರ ಸರಣಿಯಲ್ಲಿ ನಿರ್ದೇಶಕ ಬೆನ್ ಸ್ಟಿಲ್ಲರ್ ಓಡಿಹೋದವರಷ್ಟೇ ಗಮನವನ್ನು ಇವಳಿಗೂ ಕೊಟ್ಟ: ಇವಳ ಬೇಸರ, ಮನೆಯ ಜಡತೆ, ಯಾರಾದರೂ ತನ್ನನ್ನು ಮೆಚ್ಚಲಿ ಎನ್ನುವ ಹಪಾಹಪಿ. ತಾನು ಹಾಗಿರಲಿಲ್ಲವೆಂದು ಅವಳು ಸಿಟ್ಟಾದಳು. ಪಾಪ, ಆಗಲಿ. ಆದರೂ ನನಗೆ ಅದು ಹಿಡಿಸಿತು. ಓಡುವವನ ಬುದ್ಧಿವಂತಿಕೆಗಿಂತ, ಸಂಬಳ ತೆಗೆದುಕೊಂಡು ಕಾಯುವವರು ಚಿಕ್ಕಪುಟ್ಟ ಉಪಕಾರಗಳಲ್ಲಿ ಹೇಗೆ ಜಾರುತ್ತಾರೆ ಎಂಬುದು ಹೆಚ್ಚು ಸ್ವಾರಸ್ಯದ್ದು.

ಶೋಭರಾಜ್‌ಗೆ ಸಿಕ್ಕಿಬೀಳುವುದೇ ಬೇಕಿತ್ತು ಎನ್ನುವವರಿದ್ದಾರೆ. ಕೊಲೆ ಆರೋಪಗಳಿದ್ದ ಥಾಯ್ಲೆಂಡಿಗೆ ಒಪ್ಪಿಸಿದರೆ ಮರಣದಂಡನೆಯ ಭಯ. ಇಲ್ಲಿ ಶಿಕ್ಷೆ ಬೆಳೆದರೆ ಅಲ್ಲಿನ ವಾರಂಟಿನ ಅವಧಿ ತೀರುತ್ತದೆ. ಅವನು ಬಿಡುಗಡೆಯಾದದ್ದು 1997ರ ಫೆಬ್ರವರಿಯಲ್ಲಿ. ಆದರೂ ಆ ವಾದವನ್ನು ನಾನು ಪೂರ್ತಿ ನಂಬಲಾರೆ. ಸಿಕ್ಕಿಬಿದ್ದ ಮೇಲೆ ಎಲ್ಲವೂ ತನ್ನ ಲೆಕ್ಕದಂತೆಯೇ ನಡೆಯಿತೆಂದು ಮೀಸೆ ತಿರುವುವುದು ಅಂಥವರ ಜಾಯಮಾನ. ಕಾವಲಿನವರಿಗೆ ಮಾತ್ರ ಅಂಥ ಲೆಕ್ಕವೇನೂ ಇರಲಿಲ್ಲ. ಅವರು ಹುಟ್ಟುಹಬ್ಬ ಯಾರದೆಂದು ಕೇಳಿದರು, ಯಾವಾಗ ಎಂದು ಕೇಳಲಿಲ್ಲ.